ಓದುಗರ ಪ್ರಶ್ನೆ: ಎರಡು ವಿಮಾನ ನಿಲ್ದಾಣದ ನಡುವೆ 38 ಕಿ.ಮೀ., ಹೊತ್ತು ಎಷ್ಟು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇವೆ. ಯಾವ ವಿಮಾನ ನಿಲ್ದಾಣ, ಅಲ್ಲಿಂದ ಇನ್ನೊಂದಕ್ಕೆ ಎಷ್ಟು ದೂರ, ಎಷ್ಟು ಹೊತ್ತು? ಮುಂಬಯಿಯಲ್ಲಿ ಸಹಾರ್‌ನ ಹಳೆಯ ನಿಲ್ದಾಣದ ಜೊತೆಗೆ 2025ರ ಡಿಸೆಂಬರ್ 25ರಿಂದ ನವಿ ಮುಂಬಯಿ ನಿಲ್ದಾಣದಲ್ಲೂ ವಿಮಾನ ಓಡಾಟ ಶುರುವಾಯಿತಲ್ಲ, ಅದರ ಪರಿಣಾಮ ಇದು. ಗೋವಾದವರಿಗೆ ದಾಬೋಳಿಯ ಜೊತೆ ಮೋಪಾ ನಿಲ್ದಾಣವೂ ಶುರುವಾದ 2023ರಿಂದಲೇ ಈ ಗೊಂದಲ ಇದೆ. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅಮ್ಮ ತುಮಕೂರಿನಲ್ಲಿ ಇದ್ದಾರೆ, ವಯಸ್ಸು 68. ಮಸ್ಕತ್‌ನಲ್ಲಿರುವ ತಂಗಿಯ ಮನೆಗೆ ಹೋಗಬೇಕು. ಬೆಂಗಳೂರಿನಿಂದ ಬೆಳಿಗ್ಗೆ 11.10ಕ್ಕೆ ನವಿ ಮುಂಬಯಿಗೆ ಬರುವ ಒಂದು ಅಗ್ಗದ ಟಿಕೆಟ್ ಇದೆ. ಅದೇ ದಿನ ಮಧ್ಯಾಹ್ನ 2.40ಕ್ಕೆ ಸಹಾರ್‌ನಿಂದ ಮಸ್ಕತ್ ವಿಮಾನ. ನಡುವೆ ಮೂರೂವರೆ ಗಂಟೆ ಸಿಗುತ್ತದೆ. ಮ್ಯಾಪ್‌ನಲ್ಲಿ ನೋಡಿದರೆ 38 ಕಿ.ಮೀ. ಅಷ್ಟೆ. ಟ್ಯಾಕ್ಸಿಯಲ್ಲಿ ನಾನೂ ಜೊತೆಗಿದ್ದರೆ ಒಂದು ಗಂಟೆ ಅವರ ಹತ್ತಿರ ಕೂತ ಹಾಗೂ ಆಗುತ್ತದೆ. ಮಾಡಬಹುದಾ ಸರ್? — ಡೊಂಬಿವಲಿಯ ಓದುಗರು

ಬೇಡ. ದಯವಿಟ್ಟು ಆ ಟಿಕೆಟ್ ಮಾಡಬೇಡಿ. ಮಾಡಿಬಿಟ್ಟಿದ್ದರೆ ಇವತ್ತೇ ಕೂತು ಬದಲಿಸಿ.

ಯಾಕೆ ಅಂತ ಹೇಳ್ತೀನಿ. ಮ್ಯಾಪ್ ತೋರಿಸುವುದು ಒಂದು ಗೇಟಿನಿಂದ ಇನ್ನೊಂದು ಗೇಟಿನ ತನಕ ಕಾರು ಓಡುವ ದೂರ ಮಾತ್ರ. ಅಮ್ಮನ ಪ್ರಯಾಣ ಕಾರಿನಲ್ಲಿ ಶುರುವಾಗುವುದಿಲ್ಲ. 11.10 ಅಂದರೆ ವಿಮಾನ ಬಂದು ನಿಲ್ಲುವ ಹೊತ್ತು. ಅದೂ ಎಲ್ಲ ಸರಿಯಾಗಿದ್ದರೆ. ಬಾಗಿಲು ತೆರೆದು, ಮುಂದಿನ ಸಾಲಿನವರೆಲ್ಲ ಇಳಿದು, ಅಮ್ಮ ಸೀಟಿನಿಂದ ಎದ್ದು ಹೊರಗೆ ಬರುವಾಗ 11.25. ವ್ಹೀಲ್‌ಚೇರ್ ಕೇಳಿದ್ದರೆ ಎಲ್ಲರೂ ಇಳಿದ ಮೇಲೆ ಅವರ ಸರದಿ. ಬೆಲ್ಟಿನ ಮೇಲೆ ಬ್ಯಾಗ್ ಬರುವಾಗ 11.50. ಮಸ್ಕತ್‌ಗೆ ಹೋಗುವ ತಾಯಿ ಬರಿಗೈಯಲ್ಲಿ ಹೋಗುವುದಿಲ್ಲ, ಉಪ್ಪಿನಕಾಯಿ, ಚಟ್ನಿಪುಡಿ, ರಾಗಿ ಹಿಟ್ಟು ಎಲ್ಲ ಇರುತ್ತದೆ, ಹಾಗಾಗಿ ಬ್ಯಾಗ್ ಕಾಯಲೇಬೇಕು. ನಿಮ್ಮನ್ನು ನೋಡಿ ಮಾತಾಡಿ ಟ್ಯಾಕ್ಸಿ ಹತ್ತುವಾಗ 12.05.

ಈಗ ಆ 38 ಕಿ.ಮೀ. ಉಲ್ವೆಯಿಂದ ಹೊರಟು ಬೇಲಾಪುರ, ನೆರೂಳ್ ದಾಟಿ ವಾಶಿ ಸೇತುವೆ, ಮಾನ್‌ಖುರ್ದ್, ಚೆಂಬೂರ್, ಆಮೇಲೆ ಘಾಟ್‌ಕೋಪರ್ ಕಡೆಯಿಂದಲೋ ಸಾಂತಾಕ್ರೂಜ್-ಚೆಂಬೂರ್ ಲಿಂಕ್ ರೋಡಿನಿಂದಲೋ ಸಹಾರ್. ಆಕಾಶದಲ್ಲಿ ಗೆರೆ ಎಳೆದರೆ ಎರಡೂ ನಿಲ್ದಾಣದ ನಡುವೆ ಬರೀ 24 ಕಿ.ಮೀ. ಇದೆ. ಆದರೆ ನಡುವೆ ಠಾಣೆ ಖಾಡಿ, ಅಂದರೆ ಒಳಗೆ ನುಗ್ಗಿದ ಸಮುದ್ರದ ನೀರು, ಬಿದ್ದುಕೊಂಡಿದೆ, ಅದನ್ನು ದಾಟುವುದು ಕೆಲವೇ ಜಾಗದಲ್ಲಿ. ಊರಿನ ಅರ್ಧ ಗಾಡಿಗಳು ಅಲ್ಲಿಗೇ ಬಂದು ಸೇರುತ್ತವೆ. ಮಧ್ಯಾಹ್ನದ ಹೊತ್ತಾದ್ದರಿಂದ ಒಂದೂಕಾಲು ಗಂಟೆ ಹಿಡಿಯಿರಿ. ಮಾನ್‌ಖುರ್ದ್‌ನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಎರಡು ಗಂಟೆ. ಮಳೆಗಾಲವಾದರೆ ನಾನು ಲೆಕ್ಕವನ್ನೇ ಕೊಡುವುದಿಲ್ಲ.

ಅಟಲ್ ಸೇತು ಇದೆಯಲ್ಲ ಅಂತ ಇನ್ನೂ ಮೂವರು ಬರೆದಿದ್ದಾರೆ. 2024ರ ಜನವರಿಯಲ್ಲಿ ಶುರುವಾದ ಆ ಸೇತುವೆ 21.8 ಕಿ.ಮೀ. ಉದ್ದ, ಅದರಲ್ಲಿ 16.5 ಕಿ.ಮೀ. ಸಮುದ್ರದ ಮೇಲೆ. ಕಾರಿಗೆ ಒಂದು ಸಲಕ್ಕೆ 250 ರೂಪಾಯಿ ಟೋಲ್. ಆದರೆ ಅದು ಕರೆದುಕೊಂಡು ಹೋಗಿ ಬಿಡುವುದು ಶಿವಡಿಗೆ. ಫೋರ್ಟ್, ಪರೇಲ್, ದಾದರ್ ಕಡೆಯವರಿಗೆ ಅದು ವರದಾನವೇ ಸರಿ. ಸಹಾರ್‌ಗೆ ಹೋಗುವವರು ಶಿವಡಿಯಲ್ಲಿ ಇಳಿದು ಮತ್ತೆ ಉತ್ತರಕ್ಕೆ ಸಾಯನ್ ಕಡೆ ಊರೊಳಗೇ ತೂರಿಕೊಂಡು ಬರಬೇಕು. ಉಳಿಸಿದ ಹೊತ್ತೆಲ್ಲ ಅಲ್ಲಿ ಹೋಗುತ್ತದೆ.

ಅಂತೂ ಸಹಾರ್ ತಲುಪುವಾಗ ಬೇಗ ಅಂದರೂ 1.20. ವಿದೇಶಕ್ಕೆ ಹೋಗುವ ವಿಮಾನದ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ನಿಮ್ಮ ಲೆಕ್ಕದಲ್ಲಿ 1.40ಕ್ಕೆ. ಇಪ್ಪತ್ತು ನಿಮಿಷದಲ್ಲಿ ಗೇಟಿನ ಸಾಲು, ಟ್ರಾಲಿ, ಕೌಂಟರ್ ಹುಡುಕುವುದು, ಎಲ್ಲ ಆಗಬೇಕು. ಆಮೇಲೆ ಇಮಿಗ್ರೇಷನ್, ಸೆಕ್ಯೂರಿಟಿ. ಬೆಂಗಳೂರಿನ ವಿಮಾನ ಅರ್ಧ ಗಂಟೆ ತಡವಾದರೆ ಇಷ್ಟೂ ಇಲ್ಲ.

ಇನ್ನೊಂದು ಮಾತು. ಇದು ತುಂಬ ಜನಕ್ಕೆ ಗೊತ್ತಿರುವುದಿಲ್ಲ. ನೀವು ಮಾಡುತ್ತಿರುವುದು ಎರಡು ಬೇರೆ ಬೇರೆ ಟಿಕೆಟ್. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಗೆ ಅದರ ಸಂಬಂಧವೇ ಇಲ್ಲ. ಅವರ ಪಾಲಿಗೆ ಅಮ್ಮ ಬರಲೇ ಇಲ್ಲದ ಪ್ರಯಾಣಿಕರು. ಒಂದೇ ಟಿಕೆಟ್ಟಿನಲ್ಲಿ ಎರಡೂ ಇದ್ದರೆ ಮುಂದಿನ ವಿಮಾನದಲ್ಲಿ ಕೂರಿಸುವ ಜವಾಬ್ದಾರಿ ಕಂಪನಿಯದು, ಬ್ಯಾಗೂ ಸಾಮಾನ್ಯವಾಗಿ ಅವರದೇ ಹೊಣೆ. ವ್ಹೀಲ್‌ಚೇರ್ ವಿಷಯವೂ ಹಾಗೆಯೇ. ಒಂದೇ ನಿಲ್ದಾಣದಲ್ಲಾದರೆ ಒಬ್ಬ ಹುಡುಗ ಕರೆದುಕೊಂಡು ಹೋಗಿ ಇನ್ನೊಬ್ಬನ ಕೈಗೆ ಒಪ್ಪಿಸುತ್ತಾನೆ. ಎರಡು ನಿಲ್ದಾಣ ಅಂದರೆ ಹೊರಬಾಗಿಲಿನಲ್ಲಿ ಅದು ಮುಗಿಯಿತು. ಸಹಾರ್‌ನಲ್ಲಿ ಮತ್ತೆ ಮೊದಲಿನಿಂದ ಕೇಳಿ, ಕಾಯಬೇಕು.

ನನ್ನ ಸಲಹೆ ಕೇಳಿದರೆ, ಆ ನವಿ ಮುಂಬಯಿ ಟಿಕೆಟ್ಟನ್ನೇ ಒಂದು ದಿನ ಮೊದಲಿಗೆ ಮಾಡಿ. ಡೊಂಬಿವಲಿಯವರಿಗೆ ನಿಜಕ್ಕೂ ಆ ನಿಲ್ದಾಣ ಅನುಕೂಲ, ತಲೋಜಾ, ಶಿಳ್‌ಫಾಟಾ ದಾರಿಯಲ್ಲಿ ಮನೆಗೆ ಕರೆದುಕೊಂಡು ಬಂದುಬಿಡಬಹುದು, ಮುಂಬಯಿ ಊರೊಳಗೆ ಕಾಲಿಡುವುದೇ ಬೇಡ. ಅಮ್ಮ ರಾತ್ರಿ ನಿಮ್ಮ ಮನೆಯಲ್ಲಿ ಊಟ ಮಾಡಿ ಮಲಗಲಿ. ಮಾರನೇ ದಿನ ಬೆಳಿಗ್ಗೆ 9ಕ್ಕೆಲ್ಲ ಮನೆ ಬಿಟ್ಟರೆ ನಿಧಾನವಾಗಿ ಸಹಾರ್ ತಲುಪುತ್ತೀರಿ. ಟ್ಯಾಕ್ಸಿಯಲ್ಲಿ ಒಂದು ಗಂಟೆ ಗಡಿಯಾರ ನೋಡಿಕೊಂಡು ಕೂರುವುದಕ್ಕಿಂತ ಒಂದು ರಾತ್ರಿ ಅವರು ನಿಮ್ಮ ಮನೆಯಲ್ಲಿ ಇರುವುದು ಎಷ್ಟೋ ಮೇಲು ಅಲ್ವಾ? ಅಷ್ಟೂ ಆಗದಿದ್ದರೆ ಬೆಂಗಳೂರಿನಿಂದಲೇ ಮಸ್ಕತ್‌ಗೆ ನೇರ ವಿಮಾನ ಇದೆ. ಸ್ವಲ್ಪ ಜಾಸ್ತಿ ದುಡ್ಡು ಬೀಳಬಹುದು. 68 ವರ್ಷದ ತಾಯಿಗೆ ಆ ದುಡ್ಡು ಹಾಕಿ ಅಂತಲೇ ನಾನು ಹೇಳುವುದು.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ಬೆಂಗಳೂರು-ಮುಂಬಯಿ ದೂರ ಒಂದು ಕಡೆ 830 ಕಿ.ಮೀ. ಅಂತ ಇದೆ, ಒಂದು ಕಡೆ 980 ಅಂತ ಇದೆ, ರೈಲಿನಲ್ಲಿ 1,100ಕ್ಕಿಂತ ಜಾಸ್ತಿ ಅಂತ ಇದೆ. ಯಾವುದು ಸರಿ? ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದೆ ಅಂತಾರೆ. ಹಾಗಾದರೆ ಟಿಕೆಟ್ಟಿನಲ್ಲಿ ಎರಡು ಗಂಟೆ ಹತ್ತಿರ ಯಾಕೆ ಬರೆದಿರುತ್ತಾರೆ? — ಘಾಟ್‌ಕೋಪರ್‌ನ ವಿದ್ಯಾರ್ಥಿನಿ

ಮೂರೂ ಸರಿ, ಪುಟ್ಟಿ. 830 ಅನ್ನುವುದು ಹಕ್ಕಿ ಹಾರಿದ ಹಾಗೆ ನೇರ ದೂರ. 980 ಅನ್ನುವುದು ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ಮೇಲೆ ಬರುವ ರಸ್ತೆ. ರೈಲಿನದು ಉದ್ಯಾನ್ ಎಕ್ಸ್‌ಪ್ರೆಸ್ಸಿನ ಲೆಕ್ಕ, ಅದು ಗುಂತಕಲ್, ರಾಯಚೂರು, ವಾಡಿ, ಸೊಲ್ಲಾಪುರ ಅಂತ ಪೂರ್ವಕ್ಕೆ ಸುತ್ತಿಕೊಂಡು ಬರುತ್ತದೆ.

ಆ 830 ಎಲ್ಲಿಂದ ಬಂತು ಅಂತ ನೀನೇ ಲೆಕ್ಕ ಹಾಕಬಹುದು. ಅಟ್ಲಾಸ್ ತೆಗೆ, ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೋ. ಮುಂಬಯಿ ವಿಮಾನ ನಿಲ್ದಾಣ ಇರುವುದು ಅಕ್ಷಾಂಶ 19.1, ರೇಖಾಂಶ 72.9. ಬೆಂಗಳೂರಿನದು, ಅಂದರೆ ದೇವನಹಳ್ಳಿಯದು, 13.2 ಮತ್ತು 77.7. ಅಕ್ಷಾಂಶದ ವ್ಯತ್ಯಾಸ 5.9 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ., ಗುಣಿಸಿದರೆ 655. ಇದು ತೆಂಕಣಕ್ಕೆ ಇಳಿಯುವ ದೂರ. ರೇಖಾಂಶದ ವ್ಯತ್ಯಾಸ 4.8 ಡಿಗ್ರಿ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋಗುತ್ತಾ ಹತ್ತಿರ ಬರುತ್ತವೆ, ಹಾಗಾಗಿ ನಮ್ಮ ಈ ಭಾಗದಲ್ಲಿ ಒಂದು ಡಿಗ್ರಿಗೆ ಸುಮಾರು 107 ಕಿ.ಮೀ. ಮಾತ್ರ. ಗುಣಿಸಿದರೆ 514. ಇದು ಮೂಡಣಕ್ಕೆ ಹೋಗುವ ದೂರ. ಈಗ ಹಾಳೆಯ ಮೇಲೆ ಕೆಳಗೆ 655, ಪಕ್ಕಕ್ಕೆ 514 ಗೆರೆ ಎಳೆದರೆ ಲಂಬಕೋನ ತ್ರಿಭುಜ ಆಯಿತು. ಪೈಥಾಗೊರಸ್ ಹಾಕು. 655ರ ವರ್ಗ 4,29,025. 514ರ ವರ್ಗ 2,64,196. ಕೂಡಿಸಿ ವರ್ಗಮೂಲ ತೆಗೆದರೆ 832 ಚಿಲ್ಲರೆ. ಬಂತಲ್ಲ! ಭೂಮಿ ದುಂಡಗಿರುವುದರಿಂದ ದುಬೈ, ಲಂಡನ್‌ನಂಥ ದೂರಕ್ಕೆ ಈ ಉಪಾಯ ಸಾಲದು, ಅಲ್ಲಿ ಗೋಳದ ಮೇಲಿನ ಲೆಕ್ಕ ಬೇಕು. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿನ ಮೇಲೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿ, ಆ ದಾರದ ದಾರಿಯೇ ಅತಿ ಹತ್ತಿರದ ದಾರಿ.

ಇನ್ನು ಹೊತ್ತು. ಟಿಕೆಟ್ಟಿನಲ್ಲಿ ಬರೆದಿರುವುದು ಹಾರುವ ಹೊತ್ತು ಮಾತ್ರ ಅಲ್ಲ. ಬೆಂಗಳೂರಿನಲ್ಲಿ ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಮುಂಬಯಿಯಲ್ಲಿ ನಿಂತ ಜಾಗಕ್ಕೆ ಬಂದು ನಿಲ್ಲುವ ತನಕ. ರನ್‌ವೇ ತನಕ ಉರುಳಿಕೊಂಡು ಹೋಗುವುದು, ಸರದಿಯಲ್ಲಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು, ಇದಕ್ಕೇ ಅರ್ಧ ಗಂಟೆ ಹೋಗಬಹುದು. 800 ಅನ್ನುವ ವೇಗ ಸಿಗುವುದು ಮೇಲೆ ಹೋದ ಮೇಲೆ. 10,000 ಅಡಿಗಿಂತ ಕೆಳಗೆ 250 ನಾಟ್ ಮೀರಬಾರದು ಅಂತ ನಿಯಮ, ಅಂದರೆ ಗಂಟೆಗೆ 463 ಕಿ.ಮೀ. ಪೈಲಟ್‌ಗಳು ಕಿ.ಮೀ. ಬಳಸುವುದಿಲ್ಲ, ನಾಟಿಕಲ್ ಮೈಲಿ ಬಳಸುತ್ತಾರೆ, ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ನಿನ್ನ 832 ಅವರಿಗೆ 449.

ಮುಂಬಯಿಗೆ ಇನ್ನೊಂದು ತೊಂದರೆ ಇದೆ. ಸಾಂತಾಕ್ರೂಜ್-ಸಹಾರ್ ನಿಲ್ದಾಣದಲ್ಲಿ ರನ್‌ವೇ ಎರಡಿದೆ, ಆದರೆ ಅವು ಕತ್ತರಿ ಹಾಗೆ ಒಂದನ್ನೊಂದು ದಾಟುತ್ತವೆ. ಹಾಗಾಗಿ ಎರಡರಲ್ಲೂ ಒಟ್ಟಿಗೆ ವಿಮಾನ ಇಳಿಸುವ ಹಾಗಿಲ್ಲ. ಸಂಜೆ ಹೊತ್ತು ಬಂದ ವಿಮಾನಗಳು ಸರದಿಗಾಗಿ ಮೇಲೆಯೇ ಸುತ್ತು ಹೊಡೆಯುತ್ತವೆ. ಬೆಂಗಳೂರಿನಿಂದ ಬರುವಾಗ ಕಿಟಕಿಯಲ್ಲಿ ಅದೇ ಬೆಟ್ಟ ಎರಡನೇ ಸಲ ಕಂಡರೆ ಅದು ಇದೇ. ಕಂಪನಿಗಳು ಇದನ್ನೆಲ್ಲ ಸೇರಿಸಿಯೇ ಹೊತ್ತು ಬರೆಯುತ್ತವೆ.

ಪ್ರಶ್ನೆ: ಮುಂಬಯಿಯ ಹಳೆಯ ನಿಲ್ದಾಣದ ಟರ್ಮಿನಲ್ 1 ಮತ್ತು ಟರ್ಮಿನಲ್ 2 ಒಂದೇ ವಿಮಾನ ನಿಲ್ದಾಣ ತಾನೇ? ನಡೆದುಕೊಂಡು ಹೋಗಬಹುದಾ? — ಮಾಟುಂಗದ ಓದುಗರು

ನಿಲ್ದಾಣ ಒಂದೇ, ರನ್‌ವೇ ಅದೇ, ಬಾಗಿಲು ಮಾತ್ರ ಬೇರೆ ಬೇರೆ ಊರಿನಲ್ಲಿ ಇದ್ದ ಹಾಗೆ. ಟರ್ಮಿನಲ್ 1 ವಿಲೇಪಾರ್ಲೆ-ಸಾಂತಾಕ್ರೂಜ್ ಕಡೆ, ಟರ್ಮಿನಲ್ 2 ಅಂಧೇರಿ ಪೂರ್ವದ ಸಹಾರ್‌ನಲ್ಲಿ. ರಸ್ತೆಯಲ್ಲಿ ಐದು ಕಿ.ಮೀ. ಹತ್ತಿರ. ಬ್ಯಾಗ್ ಎಳೆದುಕೊಂಡು ನಡೆಯುವ ದಾರಿ ಅಲ್ಲ. ರಿಕ್ಷಾದಲ್ಲಿ 15 ನಿಮಿಷ, ಸಂಜೆಯಾದರೆ 40. ಈಗ ಮೆಟ್ರೋ 3 ಇದೆ. 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್ ತನಕ ಪೂರ್ತಿ ಶುರುವಾಯಿತು. ಎರಡೂ ಟರ್ಮಿನಲ್‌ಗೆ ಬೇರೆ ಬೇರೆ ಸ್ಟೇಷನ್, ನಡುವೆ ಸಹಾರ್ ರೋಡ್ ಅಂತ ಒಂದೇ ಸ್ಟೇಷನ್. ನೀವು ದಾದರ್‌ಗೆ ಬಂದು ಮೆಟ್ರೋ ಹತ್ತಿದರೆ ಸಿಗ್ನಲ್ಲಿನ ಚಿಂತೆಯೇ ಇಲ್ಲ. ಲಗೇಜ್ ಕಡಿಮೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಈಗ ಇಲ್ಲ.

ಪ್ರಶ್ನೆ: ನಾವು ವಾಸ್ಕೊದಲ್ಲಿ ಇದ್ದೇವೆ. ಮೂಲ ಬಾಗಲಕೋಟೆ. ಬೆಂಗಳೂರಿನಲ್ಲಿ ಓದುವ ಮಗ ಗೋವಾಕ್ಕೆ ಟಿಕೆಟ್ ತೆಗೆಸಿದ್ದಾನೆ, ಈಗ ನೋಡಿದರೆ ಅದು ಮೋಪಾ ಅಂತೆ. ನಮ್ಮ ಮನೆಯಿಂದ ದಾಬೋಳಿ ನಿಲ್ದಾಣ ಕೂಗಳತೆಯಲ್ಲಿದೆ. ಮೋಪಾ ಎಷ್ಟು ದೂರ? ರಾತ್ರಿ 10ಕ್ಕೆ ಇಳಿಯುತ್ತಾನೆ. — ವಾಸ್ಕೊದ ಓದುಗರು

ದಾಬೋಳಿಯಿಂದ ಮೋಪಾಕ್ಕೆ ನೇರ ಗೆರೆ ಎಳೆದರೆ 40 ಕಿ.ಮೀ., ರಸ್ತೆಯಲ್ಲಿ 60ಕ್ಕಿಂತ ಜಾಸ್ತಿ. ಜುವಾರಿ ಸೇತುವೆ ದಾಟಿ, ಪಣಜಿಯಲ್ಲಿ ಮಾಂಡವಿ ದಾಟಿ, ಪರ್ವರಿ, ಮಾಪುಸಾ, ಧಾರ್ಗಳ ಮೇಲೆ ಪೆರ್ಣೆ ತಾಲೂಕಿಗೆ ಹೋಗಬೇಕು. ಅಂದರೆ ಗೋವಾದ ನಡುವಿನಿಂದ ಮಹಾರಾಷ್ಟ್ರದ ಗಡಿ ತನಕ. ರಾತ್ರಿ ಒಂದೂವರೆ ಗಂಟೆ ಸಾಕು. ಹಗಲು ಹೊತ್ತಿನಲ್ಲಿ ಪರ್ವರಿಯಲ್ಲಿ ಸಿಕ್ಕಿಹಾಕಿಕೊಂಡರೆ ಎರಡು ಗಂಟೆ ದಾಟುತ್ತದೆ. ಗೋವಾ ಸರ್ಕಾರದ ಕದಂಬ ಬಸ್ಸು ಇದೆ, ಆದರೆ 10ಕ್ಕೆ ಇಳಿದು ಬ್ಯಾಗ್ ತಗೊಂಡು ಹೊರಗೆ ಬರುವಾಗ 10.40 ಆಗಿರುತ್ತದೆ. ಅಷ್ಟು ಹೊತ್ತಿಗೆ ವಾಸ್ಕೊ ಕಡೆಗೆ ಬಸ್ಸು ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಮೊದಲೇ ಗಾಡಿ ಹೇಳಿಡಿ, ಇಲ್ಲವೇ ನೀವೇ ಹೋಗಿ ಕರೆದುಕೊಂಡು ಬನ್ನಿ.

ಮಗನಿಗೆ ಬೈಯಬೇಡಿ. ಈ ತಪ್ಪು ನನ್ನ ಮನೆಯಲ್ಲೇ ಆಗಿದೆ. 2023ರ ಜನವರಿ 5ರಂದು ಮೋಪಾದಿಂದ ವಿಮಾನ ಶುರುವಾಯಿತು. ಅದೇ ತಿಂಗಳ ಕೊನೆಯಲ್ಲಿ ನಮ್ಮ ಚಿಕ್ಕಪ್ಪ ಮಡಗಾಂವ್‌ನಲ್ಲಿ ಒಂದು ಮದುವೆಗೆ ಅಂತ ಬೆಂಗಳೂರಿನಿಂದ ಬಂದರು. ಟಿಕೆಟ್ ಮಾಡಿಕೊಟ್ಟವರು ಬಾಯಲ್ಲಿ ಬರೀ 'ಗೋವಾ' ಅಂದಿದ್ದರು. ನಾನು ದಾಬೋಳಿಯ ಹೊರಗೆ ಕಾದು ನಿಂತಿದ್ದೇನೆ, ಬೆಂಗಳೂರಿನ ವಿಮಾನ ಬಂತು, ಜನ ಎಲ್ಲ ಹೊರಗೆ ಬಂದರು, ಚಿಕ್ಕಪ್ಪ ಇಲ್ಲ. ಫೋನ್ ಮಾಡಿದರೆ 'ನಾನೂ ಹೊರಗೇ ಇದ್ದೇನಲ್ಲೋ, ನೀನೆಲ್ಲಿ?' ಅಂತಾರೆ. ಹಿಂದೆ ಏನು ಕಾಣುತ್ತದೆ ಅಂತ ಕೇಳಿದೆ. 'ಏನೂ ಇಲ್ಲ, ಬಯಲು, ದೊಡ್ಡ ರಸ್ತೆ' ಅಂದರು. ಆಗ ಎದೆ ಧಸಕ್ ಅಂತು, ದಾಬೋಳಿಯಲ್ಲಿ ಬಯಲು ಎಲ್ಲಿಂದ ಬರಬೇಕು? ನಾನು ಹೋಗಿ ತಲುಪುವಾಗ ಎರಡು ಗಂಟೆ ಆಗಿತ್ತು. 72 ವರ್ಷದ ಮನುಷ್ಯ ಟ್ರಾಲಿಯ ಪಕ್ಕ ಕಂಬಕ್ಕೆ ಒರಗಿ ನಿಂತಿದ್ದಾರೆ, ಫೋನಿನಲ್ಲಿ ಚಾರ್ಜ್ ಮುಗಿಯುತ್ತದೆ ಅಂತ ಸ್ವಿಚ್ ಆಫ್ ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ, ಒಂದು ಕೈಯಲ್ಲಿ ಮದುವೆ ಮನೆಗೆ ತಂದ ಪೇಡೆಯ ಡಬ್ಬಿ. ಅದನ್ನು ಕೆಳಗೆ ಇಟ್ಟೇ ಇರಲಿಲ್ಲ. ಆ ಚಿತ್ರ ನನಗೆ ಇನ್ನೂ ಮರೆಯಲು ಆಗಿಲ್ಲ. ಅವತ್ತಿನಿಂದ ಯಾರೇ ಗೋವಾ ಟಿಕೆಟ್ ಅಂದರೂ ನನ್ನ ಮೊದಲ ಪ್ರಶ್ನೆ 'ಮೂರು ಅಕ್ಷರ ಏನಿದೆ?'

ಆ ಮೂರು ಅಕ್ಷರವನ್ನು ನೀವೂ ನೆನಪಿಟ್ಟುಕೊಳ್ಳಿ. ಪ್ರತಿ ಟಿಕೆಟ್ಟಿನಲ್ಲೂ ಊರಿನ ಹೆಸರಿನ ಪಕ್ಕ ಇಂಗ್ಲಿಷಿನಲ್ಲಿ ಇರುತ್ತದೆ. ಜಿ-ಓ-ಐ ಅಂದರೆ ದಾಬೋಳಿ. ಜಿ-ಓ-ಎಕ್ಸ್ ಅಂದರೆ ಮೋಪಾ, ಅಂದರೆ ಮನೋಹರ್ ವಿಮಾನ ನಿಲ್ದಾಣ. ಮುಂಬಯಿಯಲ್ಲೂ ಹಾಗೆಯೇ. ಬಿ-ಓ-ಎಂ ಹಳೆಯದು, ಬಾಂಬೆ ಅಂತ ಇದ್ದಾಗ ಕೊಟ್ಟ ಅಕ್ಷರ. ಎನ್-ಎಂ-ಐ ನವಿ ಮುಂಬಯಿ. ಆ್ಯಪ್‌ನಲ್ಲಿ 'ಗೋವಾ' ಅಂತ ಹುಡುಕಿದರೆ ಎರಡೂ ಒಟ್ಟಿಗೆ ತೋರಿಸುತ್ತದೆ, ಅಗ್ಗದ್ದು ಮೇಲೆ ಬರುತ್ತದೆ, ಕೈ ಅಲ್ಲೇ ಹೋಗುತ್ತದೆ. ದಾಬೋಳಿ ನೌಕಾಪಡೆಯ ಜಾಗ, ಬೆಳಗಿನ ಹೊತ್ತು ಅವರ ತರಬೇತಿಗೆ ಮೀಸಲು ಇರುತ್ತಿದ್ದುದರಿಂದ ನಾಗರಿಕ ವಿಮಾನಗಳಿಗೆ ಸಿಗುವ ಹೊತ್ತು ಕಡಿಮೆ. ಮೋಪಾದಲ್ಲಿ ಆ ತೊಂದರೆ ಇಲ್ಲ.

ಕರ್ನಾಟಕದಿಂದ ಬಂದು ಹೋಗುವವರಿಗೆ ಒಂದು ಮಾತು. ಕಾರವಾರ, ಅಂಕೋಲಾ ಕಡೆಯವರಿಗೆ, ಮಡಗಾಂವ್, ವಾಸ್ಕೊ, ಜುವಾರಿನಗರದವರಿಗೆ ದಾಬೋಳಿಯೇ ಸರಿ. ಮಾಪುಸಾ, ಪೆರ್ಣೆ, ಸಾವಂತವಾಡಿ ಕಡೆಯವರಿಗೆ ಮೋಪಾ. ಪಣಜಿಯವರು ಟಿಕೆಟ್ ದರ ನೋಡಿ ಯಾವುದಾದರೂ ಮಾಡಿ, ವ್ಯತ್ಯಾಸ ದೊಡ್ಡದೇನಲ್ಲ. ಆದರೆ ದರ ನೋಡುವಾಗ ಟ್ಯಾಕ್ಸಿಯ ದುಡ್ಡನ್ನೂ ಅದಕ್ಕೆ ಕೂಡಿಸಿ. ಟಿಕೆಟ್ಟಿನಲ್ಲಿ ಉಳಿಸಿದ ಎಂಟುನೂರು ಟ್ಯಾಕ್ಸಿಗೆ ಹೋಗುವುದನ್ನು ತುಂಬ ಸಲ ನೋಡಿದ್ದೇನೆ.

ಪ್ರಶ್ನೆ: ಮಗಳು ಓದಲು ಜರ್ಮನಿಗೆ ಹೊರಟಿದ್ದಾಳೆ. ಸಹಾರ್‌ನಿಂದ ಶನಿವಾರ ರಾತ್ರಿ 2 ಗಂಟೆಗೆ ವಿಮಾನ. ನಾವು ಪುಣೆಯ ವಾಕಡ್‌ನಲ್ಲಿ. ಎಕ್ಸ್‌ಪ್ರೆಸ್‌ವೇಯಲ್ಲಿ ಎರಡೂವರೆ ಗಂಟೆ ಅಂತಾರೆ, ರಾತ್ರಿ 8ಕ್ಕೆ ಹೊರಟರೆ ಸಾಕಲ್ವಾ? — ಪುಣೆಯ ಓದುಗರು

ಮೊದಲು ಟಿಕೆಟ್ ತೆಗೆದು ತಾರೀಖು ನೋಡಿ. 'ಶನಿವಾರ 02.00' ಅಂತ ಇದ್ದರೆ ನೀವು ಮನೆ ಬಿಡಬೇಕಾದದ್ದು ಶುಕ್ರವಾರ ಸಂಜೆ. ನಾವು ಮಾತಿನಲ್ಲಿ ಶನಿವಾರ ರಾತ್ರಿ ಅಂದುಬಿಡುತ್ತೇವೆ, ಟಿಕೆಟ್ಟಿನ ಲೆಕ್ಕದಲ್ಲಿ ರಾತ್ರಿ 12 ದಾಟಿದರೆ ದಿನ ಬದಲಾಯಿತು. ಒಂದು ದಿನ ತಡವಾಗಿ ಸಹಾರ್‌ಗೆ ಬಂದು ನಿಂತವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇದನ್ನು ಎಲ್ಲಕ್ಕಿಂತ ಮೊದಲು ಬರೆದೆ.

ಇನ್ನು ದೂರ. ಎಕ್ಸ್‌ಪ್ರೆಸ್‌ವೇ ಕಿವಳೆಯಿಂದ ಕಳಂಬೋಲಿ ತನಕ 94.5 ಕಿ.ಮೀ. ಎರಡೂ ತುದಿಯ ಊರಿನ ರಸ್ತೆ ಸೇರಿಸಿದರೆ ನಿಮ್ಮ ಮನೆಯಿಂದ ಸಹಾರ್ 145ರ ಆಸುಪಾಸು. ಎರಡೂವರೆ ಗಂಟೆ ಅನ್ನುವುದು ಮಂಗಳವಾರ ಬೆಳಗಿನ ಜಾವದ ಲೆಕ್ಕ. ಶುಕ್ರವಾರ ಸಂಜೆ ಮುಂಬಯಿ ಜನ ಲೋಣಾವಳಕ್ಕೆ ಹೊರಟಿರುತ್ತಾರೆ, ಖಂಡಾಳಾ ಘಾಟಿನಲ್ಲಿ ಲಾರಿಗಳು ಏದುಸಿರು ಬಿಡುತ್ತಾ ಹತ್ತುತ್ತಿರುತ್ತವೆ. ಜಾಸ್ತಿ ಗದ್ದಲ ಎದುರು ದಿಕ್ಕಿನದು, ನಿಮ್ಮದು ಇಳಿಯುವ ದಿಕ್ಕು, ಅದು ನಿಜ. ಆದರೆ ಒಂದು ಅಪಘಾತ ಆದರೆ ಎರಡೂ ಕಡೆ ನಿಲ್ಲುತ್ತದೆ, ಘಾಟಿನಲ್ಲಿ ಸಿಕ್ಕಿಕೊಂಡರೆ ತಪ್ಪಿಸಿಕೊಂಡು ಹೋಗಲು ಪಕ್ಕದ ದಾರಿ ಇಲ್ಲ. ಆಮೇಲೆ ವಾಶಿ, ಚೆಂಬೂರ್ ಬೇರೆ.

ರಾತ್ರಿ 11ಕ್ಕೆ ಅವಳು ಟರ್ಮಿನಲ್ 2ರ ಬಾಗಿಲಿನಲ್ಲಿ ಇರಬೇಕು. ಹಾಗಾಗಿ ಸಂಜೆ 6ಕ್ಕೆ ಮನೆ ಬಿಡಿ. ಊಟ ಕಟ್ಟಿಕೊಂಡು ಹೊರಡಿ. ಮೊದಲೇ ತಲುಪಿದರೆ ಹೊರಗೆ ಕಾರಿನಲ್ಲೇ ಕೂತು ಒಟ್ಟಿಗೆ ಊಟ ಮಾಡಿ. ಬಾಗಿಲ ಒಳಗೆ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ಬೀಳ್ಕೊಡುವುದು ಏನಿದ್ದರೂ ಹೊರಗೇ. ಆ ಅರ್ಧ ಗಂಟೆ ಅವಸರ ಇಲ್ಲದೆ ಸಿಗಲಿ ಅಂತಲೇ ನಾನು 6 ಅಂದದ್ದು.

ಪ್ರಶ್ನೆ: ಮುಂಬಯಿಯಿಂದ ದುಬೈಗೆ ಹೋಗುವಾಗ ಟಿಕೆಟ್ಟಿನಲ್ಲಿ ಎರಡು ಗಂಟೆಯೂ ಇಲ್ಲ, ಬರುವಾಗ ನಾಲ್ಕೂವರೆ ಗಂಟೆ. ದಾರಿ ಅದೇ ತಾನೇ? — ಮೀರಾ ರೋಡ್‌ನ ಓದುಗರು

ದಾರಿ ಅದೇ, ಸುಮಾರು 1,930 ಕಿ.ಮೀ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ತಲುಪುವ ಹೊತ್ತು ತಲುಪುವ ಊರಿನ ಗಡಿಯಾರದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ 10ಕ್ಕೆ ಹೊರಟು ಅಲ್ಲಿ 11.45ಕ್ಕೆ ಇಳಿದರೆ ನಿಜವಾಗಿ ಕೂತದ್ದು ಮೂರೂಕಾಲು ಗಂಟೆ. ಅಲ್ಲಿ 1ಕ್ಕೆ ಹೊರಟು ಇಲ್ಲಿ 5.30ಕ್ಕೆ ಇಳಿದರೆ ನಿಜವಾಗಿ ಮೂರು ಗಂಟೆ. ಹಾಗೆ ನೋಡಿದರೆ ಬರುವುದೇ ಬೇಗ. ಚಳಿಗಾಲದಲ್ಲಿ ತುಂಬ ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಜೋರು ಗಾಳಿ ಬೀಸುತ್ತದೆ. ಬರುವಾಗ ಅದು ಬೆನ್ನಿಗೆ, ಹೋಗುವಾಗ ಎದುರಿಗೆ. ಡಯಾಬಿಟೀಸ್ ಮಾತ್ರೆ, ಇನ್ಸುಲಿನ್ ಇರುವವರು ಈ ಒಂದೂವರೆ ಗಂಟೆಯ ವ್ಯತ್ಯಾಸವನ್ನು ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಪ್ರಶ್ನೆ: ನನಗೆ 70 ವರ್ಷ. ಒಬ್ಬಳೇ ಮೊದಲ ಸಲ ವಿಮಾನದಲ್ಲಿ ಬೆಂಗಳೂರಿಗೆ ಮಗನ ಮನೆಗೆ ಹೋಗುತ್ತಿದ್ದೇನೆ. ಮಗ ಸಹಾರ್‌ನಿಂದ ಟಿಕೆಟ್ ತೆಗೆದಿದ್ದಾನೆ. ಈಗ ಎರಡು ನಿಲ್ದಾಣ ಅಂತ ಕೇಳಿ ಭಯ ಆಗಿದೆ. ಟ್ಯಾಕ್ಸಿಯವನು ಬೇರೆ ಕಡೆ ಕರೆದುಕೊಂಡು ಹೋದರೆ? — ಚೆಂಬೂರಿನ ಓದುಗರು

ಭಯ ಬೇಡ ಅಮ್ಮ. ಚೆಂಬೂರಿನಿಂದ ಸಹಾರ್ ಹತ್ತಿರ, ಹನ್ನೆರಡು ಕಿ.ಮೀ. ಆಸುಪಾಸು. ನವಿ ಮುಂಬಯಿ ಅದಕ್ಕೆ ಪೂರ್ತಿ ಉಲ್ಟಾ ದಿಕ್ಕು, ವಾಶಿ ಸೇತುವೆ ದಾಟಬೇಕು. ನಿಮ್ಮ ಗುರುತಿಗೆ ಅಷ್ಟೇ ಸಾಕು. ಕಾರು ಮಾನ್‌ಖುರ್ದ್ ದಾಟಿ ಸೇತುವೆ ಕಡೆ ಹೊರಟು ಎರಡೂ ಬದಿ ನೀರು ಕಂಡರೆ ಕೂಡಲೇ ಕೇಳಿ.

ವಿಮಾನಕ್ಕೆ ಮೂರು ಗಂಟೆ ಮೊದಲು ಮನೆ ಬಿಡಿ. ಪಕ್ಕದ ಮನೆ ಹುಡುಗ ಯಾರಾದರೂ ಇದ್ದರೆ ಅವನ ಕೈಯಲ್ಲೇ ಟ್ಯಾಕ್ಸಿ ತರಿಸಿ, ಗಾಡಿಯ ನಂಬರು ಮಗನಿಗೆ ಕಳಿಸಲು ಹೇಳಿ. ಆಧಾರ್ ಕಾರ್ಡು ಮತ್ತು ಟಿಕೆಟ್ಟಿನ ಪ್ರಿಂಟ್ ಪರ್ಸಿನಲ್ಲಿ ಬೇಡ, ಕೈಗೆ ಸಿಗುವ ಹಾಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ, ಬಾಗಿಲಿನಲ್ಲಿ ಪೊಲೀಸರು ಅದನ್ನೇ ಕೇಳುತ್ತಾರೆ. ಮಗನಿಗೆ ಹೇಳಿ ವ್ಹೀಲ್‌ಚೇರ್ ಈಗಲೇ ಬರೆಸಿ. ಕಾಲು ಗಟ್ಟಿ ಇದ್ದರೂ ಬರೆಸಿ. ಟರ್ಮಿನಲ್ 2ರಲ್ಲಿ ನಡೆಯುವುದು ತುಂಬ ಇದೆ, ದಾರಿ ತೋರಿಸಲು ಜೊತೆಗೆ ಒಬ್ಬರು ಇದ್ದ ಹಾಗಾಗುತ್ತದೆ.

ಟಿಕೆಟ್ಟಿನಲ್ಲಿ ಟರ್ಮಿನಲ್ ನಂಬರು 2 ಅಂತಲೇ ಇದೆಯಾ ಅಂತ ಮಗನನ್ನು ಒಮ್ಮೆ ಕೇಳಿ ನೋಡಿ. ಹೌದು ಅಂದರೆ, ಹತ್ತುವಾಗ ಡ್ರೈವರ್‌ಗೆ ಇಷ್ಟೇ ಹೇಳಿ: 'ಸಹಾರ್, ಟರ್ಮಿನಲ್ ದೋ, ಡಿಪಾರ್ಚರ್.' ಬರೀ 'ಏರ್‌ಪೋರ್ಟ್' ಅನ್ನಬೇಡಿ.